ಹಾಡಿನ ಕೆಳಗೆ ಗಂಡ-ಹೆಂಡತಿ ಇಬ್ಬರ ಹೆಸರು: ಒಲವಿನ ಗುರುತೋ, ಆಸ್ತಿಯ ಪಾಲೋ?

2025ರ ಮೇ ತಿಂಗಳಲ್ಲಿ ಅಮೆರಿಕದ ಗಾಯಕಿ ಗ್ಲೋರಿಯಾ ಎಸ್ಟೆಫಾನ್ ಅವರ ‘ರಾಯಿಸೆಸ್’ (ಬೇರುಗಳು) ಆಲ್ಬಂ ಬಂತು. 18 ವರ್ಷಗಳ ನಂತರ ಅವರು ತಂದ ಸ್ಪ್ಯಾನಿಷ್ ಆಲ್ಬಂ ಅದು. ಆಗ ಅವರಿಗೆ 67 ವರ್ಷ. ಹಾಡು ಬರೆದವರು ಯಾರು ಅಂತ ನೋಡಿದರೆ, ಬಹುಪಾಲು ಹಾಡುಗಳ ಮುಂದೆ ಒಂದೇ ಹೆಸರು: ಗಂಡ ಎಮಿಲಿಯೊ ಎಸ್ಟೆಫಾನ್. ಮೊಮ್ಮಗನಿಗಾಗಿ ಕಟ್ಟಿದ ಹಾಡಿನಂಥ ಕೆಲವು ಮಾತ್ರ ಗ್ಲೋರಿಯಾ ಅವರವು.

ಅಭಿಮಾನಿಗಳಿಗೆ ಇದು ವಿಚಿತ್ರ ಅನ್ನಿಸಿದರೆ ತಪ್ಪಿಲ್ಲ. ಗ್ಲೋರಿಯಾ ಬರೀ ಗಾಯಕಿ ಅಲ್ಲ. ‘ಎನಿಥಿಂಗ್ ಫಾರ್ ಯು’ ಬರೆದದ್ದು ಅವರೇ. 2023ರಲ್ಲಿ ಅಮೆರಿಕದ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಆ ಗೌರವ ಪಡೆದ ಮೊದಲ ಲ್ಯಾಟಿನ್ ಮೂಲದ ಮಹಿಳೆ ಅವರು. ಹಾಗಿದ್ದ ಮೇಲೆ ಈ ವಯಸ್ಸಿನಲ್ಲಿ ಪೆನ್ನು ಗಂಡನ ಕೈಗೆ ಹೋದದ್ದು ಯಾಕೆ?

ಹೆಸರಾಂತ ಗಾಯಕರು ಸಂಗಾತಿಯ ಜೊತೆ ಹಾಡು ಬರೆದರು ಅಂತ ಸುದ್ದಿ ಬಂದಾಗಲೆಲ್ಲ ಎರಡು ಥರದ ಮಾತು ಕೇಳುತ್ತವೆ. ‘ಎಂಥಾ ಅನ್ಯೋನ್ಯ ಜೋಡಿ’ ಅನ್ನುವವರು ಕೆಲವರು. ‘ದುಡ್ಡು ಮನೆಯಲ್ಲೇ ಉಳಿಯಲಿ ಅಂತ ಹೆಸರು ಹಾಕಿದ್ದಾರೆ’ ಅನ್ನುವವರು ಇನ್ನು ಕೆಲವರು. ಇಬ್ಬರೂ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಮಾಡುತ್ತಿದ್ದಾರೆ. ಹಾಡನ್ನು ಕಟ್ಟಿದವರು ಯಾರು ಅನ್ನುವುದು ಒಂದು ಪ್ರಶ್ನೆ. ಹಾಡಿನ ಒಡೆತನ ಯಾರದ್ದು ಅನ್ನುವುದು ಇನ್ನೊಂದು. ಹಾಡಿನ ಕೆಳಗಿನ ಒಂದೇ ಸಾಲು ಎರಡಕ್ಕೂ ಉತ್ತರ ಹೇಳಬೇಕಾಗಿ ಬಂದಿರುವುದೇ ಗೊಂದಲದ ಮೂಲ.

ಒಂದು ಹಾಡು, ಎರಡು ಆಸ್ತಿ

ನಾವು ಕೇಳುವ ಪ್ರತಿ ಹಾಡಿನಲ್ಲೂ ಎರಡು ಹಕ್ಕುಗಳಿವೆ. ಸ್ಟುಡಿಯೋದಲ್ಲಿ ಧ್ವನಿಮುದ್ರಣವಾದ ಪ್ರತಿಯ ಹಕ್ಕು ಒಂದು. ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಹತ್ತಿರ ಇರುತ್ತದೆ. ಸಾಹಿತ್ಯ ಮತ್ತು ಟ್ಯೂನ್ ಸೇರಿದ ರಚನೆಯ ಹಕ್ಕು ಇನ್ನೊಂದು. ಅದು ಬರೆದವರದ್ದು, ಮತ್ತು ಅವರು ಒಪ್ಪಂದ ಮಾಡಿಕೊಂಡ ಪಬ್ಲಿಷರ್‌ದು, ಅಂದರೆ ರಚನೆಯ ವ್ಯವಹಾರ ನೋಡಿಕೊಳ್ಳುವ ಕಂಪನಿಯದ್ದು. ಎರಡರಿಂದಲೂ ರಾಯಲ್ಟಿ ಬರುತ್ತದೆ, ಆದರೆ ಬೇರೆ ಬೇರೆ ದಾರಿಯಲ್ಲಿ.

ಗಾಯಕರ ವೃತ್ತಿಯ ಕೊನೆಯ ಘಟ್ಟದಲ್ಲಿ ಈ ಎರಡನೆಯ ಹಕ್ಕಿಗೆ ಬೆಲೆ ಜಾಸ್ತಿ. ಬೇರೆಯವರು ಅದೇ ಹಾಡನ್ನು ಮತ್ತೆ ಹಾಡಿದರೆ ದುಡ್ಡು ಬರುವುದು ಬರೆದವರಿಗೆ, ಮೊದಲು ಹಾಡಿದವರಿಗೆ ಅಲ್ಲ. ಅಮೆರಿಕದಲ್ಲಂತೂ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ರಚನಕಾರರಿಗೆ ಹಣ ಸಿಗುತ್ತದೆ, ಹಾಡಿದವರಿಗೆ ಸಿಗುವುದಿಲ್ಲ. ಗಂಟಲು ದಣಿದ ಮೇಲೆ, ಪ್ರವಾಸ ನಿಂತ ಮೇಲೂ ಬರುತ್ತಲೇ ಇರುವ ಆದಾಯ ಇದು. ಹಾಗಾಗಿ ಬರೆದವರ ಪಟ್ಟಿಯಲ್ಲಿ ಒಂದು ಹೆಸರು ಸೇರಿತು ಅಂದರೆ ಅದು ಬರೀ ಗೌರವದ ವಿಷಯ ಆಗಿರುವುದಿಲ್ಲ.

ಎಷ್ಟು ಫರಕು ಬೀಳುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಅಮೆರಿಕದಲ್ಲಿ ಒಂದು ಸಿ.ಡಿ. ಅಥವಾ ಡೌನ್‌ಲೋಡ್ ಮಾರಾಟವಾದಾಗ ರಚನೆಯ ಪಾಲಿಗೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಕಾನೂನೇ ದರ ಇಟ್ಟಿದೆ. 2025ರಲ್ಲಿ ಅದು 5 ನಿಮಿಷದೊಳಗಿನ ಪ್ರತಿ ಹಾಡಿಗೆ 12.7 ಸೆಂಟ್. 12 ಹಾಡಿನ ಆಲ್ಬಂಗೆ ಸುಮಾರು 1 ಡಾಲರ್ 52 ಸೆಂಟ್ ಆಯಿತು. ಪ್ರತಿ ಹಾಡನ್ನೂ ಗಾಯಕಿ ಮತ್ತು ಹೊರಗಿನ ಮೂವರು ಸಮಪಾಲಿನಲ್ಲಿ ಬರೆದಿದ್ದಾರೆ ಅಂದುಕೊಳ್ಳಿ. ಗಾಯಕಿಗೆ ಬರುವುದು 38 ಸೆಂಟ್. ಅದೇ ಹಾಡುಗಳನ್ನು ಗಂಡ-ಹೆಂಡತಿ ಇಬ್ಬರೇ ಬರೆದಿದ್ದರೆ 1 ಡಾಲರ್ 52 ಸೆಂಟ್ ಪೂರ್ತಿ ಒಂದೇ ಮನೆಗೆ. ಪಬ್ಲಿಷರ್ ಪಾಲು ಕಳೆಯಬೇಕು, ಕೆಲವು ಒಪ್ಪಂದಗಳಲ್ಲಿ ಈ ದರವನ್ನೇ ಕಡಿಮೆ ಮಾಡಿರುತ್ತಾರೆ, ಅದೆಲ್ಲ ನಿಜ. ಆದರೂ ಒಂದು ಲಕ್ಷ ಪ್ರತಿ ಹೋದರೆ 38 ಸಾವಿರ ಡಾಲರ್ ಎಲ್ಲಿ, ಒಂದೂವರೆ ಲಕ್ಷ ಡಾಲರ್ ಎಲ್ಲಿ!

ಅನುಮಾನ ಪಡುವವರ ಬಾಯಿ ಸುಮ್ನೆ ಮುಚ್ಚಿಸೋಕೆ ಆಗುವುದಿಲ್ಲ. ದುಡ್ಡಿನ ಕಾರಣ ಇದ್ದೇ ಇದೆ. ಆದರೆ ಕಾರಣ ಇದೆ ಅಂದ ಮಾತ್ರಕ್ಕೆ ಹೆಸರು ಸುಳ್ಳು ಅಂತ ತೀರ್ಮಾನಿಸಬಹುದಾ? ಸರಿಸುಮಾರು ಅರ್ಧ ಶತಮಾನದ ಹಿಂದೆ ಇದೇ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿತ್ತು.

ಲಿಂಡಾ ಹಾಡು ಬರೆಯಬಲ್ಲಳಾ?

1971ರಲ್ಲಿ ಪಾಲ್ ಮೆಕಾರ್ಟ್ನಿ ‘ರ‍್ಯಾಮ್’ ಆಲ್ಬಂ ತಂದರು. ಅವರಿದ್ದ ಬೀಟಲ್ಸ್ ಬ್ಯಾಂಡ್ ಒಡೆದ ಮರುವರ್ಷ. ಮುಖಪುಟದ ಮೇಲೆ ಪಾಲ್ ಮತ್ತು ಲಿಂಡಾ ಮೆಕಾರ್ಟ್ನಿ ಅಂತ ಇಬ್ಬರ ಹೆಸರು. ಹಲವು ಹಾಡುಗಳ ರಚನೆಯೂ ಇಬ್ಬರದ್ದು ಅಂತ ನಮೂದಾಗಿತ್ತು. ಅದೇ ವರ್ಷದ ‘ಅನದರ್ ಡೇ’ ಹಾಡಿಗೂ ಹಾಗೆಯೇ. ವಯಸ್ಸಿನ ಲೆಕ್ಕದಲ್ಲಿ ಪಾಲ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ, ಆದರೆ ಜಗತ್ತಿಗೆ ಗೊತ್ತಿದ್ದ ಅವರ ವೃತ್ತಿಯ ಒಂದು ದೊಡ್ಡ ಅಧ್ಯಾಯ ಮುಗಿದಿತ್ತು.

ಪಾಲ್ ಹೆಂಡತಿ ಲಿಂಡಾ ವೃತ್ತಿಯಲ್ಲಿ ಫೋಟೋಗ್ರಾಫರ್. ಸಂಗೀತದಲ್ಲಿ ಹೆಸರು ಮಾಡಿದವರಲ್ಲ. ಪಾಲ್ ಅವರ ರಚನೆಗಳು 1973ರ ತನಕ ನಾರ್ದರ್ನ್ ಸಾಂಗ್ಸ್ ಎಂಬ ಪಬ್ಲಿಷಿಂಗ್ ಕಂಪನಿಗೆ ಸೇರಬೇಕು ಅಂತ ಹಳೆಯ ಒಪ್ಪಂದ ಇತ್ತು. ಆ ಕಂಪನಿಯನ್ನು 1969ರಲ್ಲಿ ಲ್ಯೂ ಗ್ರೇಡ್ ಅವರ ಎ.ಟಿ.ವಿ. ಎಂಬ ಟಿ.ವಿ. ಕಂಪನಿ ಕೊಂಡಿತ್ತು. ಲಿಂಡಾ ಮಾತ್ರ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಇಬ್ಬರೂ ಸೇರಿ ಬರೆದ ಹಾಡು ಅಂತಾದರೆ ಅರ್ಧ ಪಾಲು ಕಂಪನಿಯ ಕೈತಪ್ಪಿ ಲಿಂಡಾ ಹತ್ತಿರ ಉಳಿಯುತ್ತದೆ.

ಪಬ್ಲಿಷರ್‌ಗಳು ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದರು. ಕೇಳಿದ ಪರಿಹಾರ 10 ಲಕ್ಷ ಡಾಲರ್‌ಗೂ ಜಾಸ್ತಿ. ವಾದ ಇಷ್ಟು: ಲಿಂಡಾಗೆ ಹಾಡು ಕಟ್ಟುವ ಸಾಮರ್ಥ್ಯ ಇಲ್ಲ, ಒಪ್ಪಂದ ತಪ್ಪಿಸಿಕೊಳ್ಳಲು ಅವರ ಹೆಸರು ಸೇರಿಸಿದ್ದಾರೆ. ಪಾಲ್ ಹೇಳಿದ್ದು, ನಾನು ಯಾರ ಜೊತೆ ಬರೆಯಬೇಕು ಅನ್ನುವುದು ನನಗೆ ಬಿಟ್ಟದ್ದು, ನಾವಿಬ್ಬರೂ ಕೂತು ಬರೆದಿದ್ದೇವೆ ಅಂತ. ಕೊನೆಗೆ ತೀರ್ಪಿನವರೆಗೆ ಹೋಗದೆ ರಾಜಿಯಾಯಿತು. ಹೊಸ ಪಬ್ಲಿಷಿಂಗ್ ಒಪ್ಪಂದ ಆಯಿತು, ಮತ್ತು 1973ರಲ್ಲಿ ಪಾಲ್ ಎ.ಟಿ.ವಿ.ಗಾಗಿ ಒಂದು ಟಿ.ವಿ. ವಿಶೇಷ ಕಾರ್ಯಕ್ರಮ ಮಾಡಿಕೊಟ್ಟರು.

ಆ ದಾವೆಯಲ್ಲಿ ಪಬ್ಲಿಷರ್‌ಗೆ ನಿಜವಾಗಿ ನೋವಾಗಿದ್ದು ಅರ್ಧ ಪಾಲು ಹೋದದ್ದಕ್ಕೆ. ಅದು ವ್ಯವಹಾರದ ತಕರಾರು. ಅದರಲ್ಲಿ ನ್ಯಾಯವೂ ಇರಬಹುದು. ಆದರೆ ಅದನ್ನು ಹೇಳಿದ್ದು ಒಬ್ಬ ಹೆಂಗಸಿನ ಸಾಮರ್ಥ್ಯವನ್ನು ಪ್ರಶ್ನೆ ಮಾಡುವ ಮೂಲಕ. 1973ರಲ್ಲಿ ಬಂದ, ಪಾಲ್ ಮತ್ತು ಲಿಂಡಾ ಇಬ್ಬರ ಹೆಸರಿನಲ್ಲಿದ್ದ ‘ಲಿವ್ ಅಂಡ್ ಲೆಟ್ ಡೈ’ ಆಸ್ಕರ್ ನಾಮನಿರ್ದೇಶನ ಪಡೆಯಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾವ ಸಾಲು ಯಾರ ಬಾಯಿಂದ ಬಂತು ಅನ್ನುವುದಕ್ಕೆ ಸಾಕ್ಷಿ ಹೇಳುವವರು ಆ ಇಬ್ಬರೇ. ಹೊರಗಿನವರು ಊಹೆ ಮಾಡುತ್ತಾರೆ, ಮತ್ತು ಆ ಊಹೆ ಹೆಂಡತಿಯ ಹೆಸರು ಬಂದಾಗಲೇ ಹೆಚ್ಚು ಕಟುವಾಗುತ್ತದೆ.

ಹೆಸರು ಇರಬೇಕಾದಲ್ಲಿ ಇಲ್ಲದಿದ್ದರೆ?

ಇದೇ 1971ರಲ್ಲಿ ಇನ್ನೊಂದು ಕಡೆ ಇದಕ್ಕೆ ಪೂರ್ತಿ ವಿರುದ್ಧವಾದದ್ದು ನಡೆಯಿತು. ಬೀಟಲ್ಸ್‌ನಲ್ಲೇ ಇದ್ದ ಜಾನ್ ಲೆನನ್ ‘ಇಮ್ಯಾಜಿನ್’ ಹಾಡನ್ನು ತಮ್ಮೊಬ್ಬರ ಹೆಸರಿನಲ್ಲೇ ಬಿಟ್ಟರು. ಆದರೆ ಹಾಡಿನ ಕಲ್ಪನೆ ಹುಟ್ಟಿದ್ದು ಹೆಂಡತಿ ಯೋಕೊ ಓನೋ 1964ರಲ್ಲಿ ಪ್ರಕಟಿಸಿದ ಪುಸ್ತಕದಿಂದ. 1980ರ ಡಿಸೆಂಬರ್‌ನಲ್ಲಿ, ಸಾಯುವ ಎರಡು ದಿನ ಮೊದಲು, ಬಿ.ಬಿ.ಸಿ. ಸಂದರ್ಶನದಲ್ಲಿ ಲೆನನ್ ಇದನ್ನು ಬಿಚ್ಚಿ ಹೇಳಿದರು. ಅದು ಇಬ್ಬರ ಹೆಸರಿನಲ್ಲಿ ಇರಬೇಕಾಗಿತ್ತು, ಆಗ ತನ್ನಲ್ಲಿ ಸ್ವಾರ್ಥ, ಗಂಡಸೆಂಬ ಗರ್ವ ಇತ್ತು, ಹಾಗಾಗಿ ಅವಳ ಪಾಲು ಹೇಳದೆ ಬಿಟ್ಟೆ ಅನ್ನುವ ಅರ್ಥದ ಮಾತು ಅದು.

2017ರ ಜೂನ್‌ನಲ್ಲಿ ಅಮೆರಿಕದ ಮ್ಯೂಸಿಕ್ ಪಬ್ಲಿಷರ್‌ಗಳ ರಾಷ್ಟ್ರೀಯ ಸಂಘ ತನ್ನ ಸಭೆಯಲ್ಲಿ ಆ ಸಂದರ್ಶನದ ತುಣುಕು ತೋರಿಸಿ, ಯೋಕೊ ಅವರನ್ನು ಸಹ-ರಚನಕಾರರಾಗಿ ಸೇರಿಸಲಾಗುವುದು ಅಂತ ಘೋಷಿಸಿತು. 46 ವರ್ಷ ಬೇಕಾಯಿತು.

ಆಗಲೂ ‘ಇದು ದುಡ್ಡಿಗಾಗಿ’ ಅನ್ನುವ ಮಾತು ಬಂತು. ಅದಕ್ಕೆ ಒಂದು ಕಾನೂನಿನ ಹಿನ್ನೆಲೆಯೂ ಇದೆ, ಮತ್ತು ಅದು ವಯಸ್ಸಾದ ಗಾಯಕರ ವಿಷಯದಲ್ಲಿ ತುಂಬಾ ಮುಖ್ಯ. ಬಹಳ ದೇಶಗಳಲ್ಲಿ ಒಬ್ಬರೇ ಬರೆದ ಹಾಡಿನ ಹಕ್ಕು ಅವರು ತೀರಿಹೋದ ಮೇಲೆ 70 ವರ್ಷ ಇರುತ್ತದೆ. ಇಬ್ಬರು ಸೇರಿ ಬರೆದಿದ್ದರೆ ಆ 70 ವರ್ಷದ ಎಣಿಕೆ ಶುರುವಾಗುವುದು ಇಬ್ಬರಲ್ಲಿ ಕೊನೆಗೆ ತೀರಿಹೋದವರ ಸಾವಿನಿಂದ. ಲೆನನ್ ಒಬ್ಬರದ್ದೇ ಹಾಡಾಗಿದ್ದರೆ ಅಂಥ ದೇಶಗಳಲ್ಲಿ 2050ಕ್ಕೆ ಹಕ್ಕು ಮುಗಿಯುತ್ತಿತ್ತು. ಯೋಕೊ ಹೆಸರು ಸೇರಿದರೆ ಎಣಿಕೆಯೇ ಬದಲಾಗುತ್ತದೆ. ಅಮೆರಿಕದಲ್ಲಿ ಮಾತ್ರ ಹಳೆಯ ಹಾಡುಗಳಿಗೆ ಬೇರೆ ನಿಯಮ: 1971ರ ಹಾಡಿಗೆ ಬಿಡುಗಡೆಯಿಂದ 95 ವರ್ಷ, ಯಾರು ಬರೆದರೂ ಅಷ್ಟೇ. 1978ರ ನಂತರದ ರಚನೆಗಳಿಗೆ ಅಲ್ಲೂ ಕೊನೆಯವರ ಸಾವಿನ ನಂತರ 70 ವರ್ಷ.

ಈಗ 70 ದಾಟಿದ ಗಾಯಕರೊಬ್ಬರು ತಮಗಿಂತ 20 ವರ್ಷ ಚಿಕ್ಕವರಾದ ಸಂಗಾತಿಯ ಜೊತೆ ಹಾಡು ಬರೆದರು ಅಂದುಕೊಳ್ಳಿ. ಆ ಹಾಡಿನ ಆಯಸ್ಸು ಇನ್ನೂ ಒಂದು ತಲೆಮಾರಿನಷ್ಟು ಹಿಗ್ಗಿದ ಹಾಗೆ. ಮಕ್ಕಳು, ಮೊಮ್ಮಕ್ಕಳಿಗೆ ಅದು ನಿಜವಾದ ಆಸ್ತಿ.

ಹೆಸರು ಹಾಕದಿದ್ದರೂ ಪಾಲು ಇದ್ದರೆ

ಅನುಮಾನ ಪಡುವವರು ಒಂದು ಸಂಗತಿ ಮರೆಯುತ್ತಾರೆ. ಅಮೆರಿಕದ ಒಂಬತ್ತು ರಾಜ್ಯಗಳಲ್ಲಿ, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್ ಸೇರಿದಂತೆ, ಮದುವೆಯಾಗಿದ್ದಾಗ ಗಳಿಸಿದ ಆಸ್ತಿ ಗಂಡ-ಹೆಂಡತಿ ಇಬ್ಬರದ್ದೂ ಹೌದು. 1987ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ, ಮದುವೆಯ ಕಾಲದಲ್ಲಿ ಬರೆದದ್ದರ ಕಾಪಿರೈಟ್ ಕೂಡ ಹೀಗೆ ಇಬ್ಬರ ಆಸ್ತಿ ಅಂತ ಹೇಳಿತು. 2000ದಲ್ಲಿ ಲೂಸಿಯಾನಾದ ಒಬ್ಬ ಚಿತ್ರಕಲಾವಿದರ ವಿಚ್ಛೇದನದ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿತು: ಕೃತಿಯನ್ನು ಏನು ಮಾಡಬೇಕು ಅನ್ನುವ ಅಧಿಕಾರ ರಚಿಸಿದವರದ್ದು, ಆದರೆ ಅದರಿಂದ ಬರುವ ಹಣದಲ್ಲಿ ಸಂಗಾತಿಗೂ ಪಾಲು.

ಅಂದರೆ ಅಂಥ ರಾಜ್ಯಗಳಲ್ಲಿ ಸಂಗಾತಿಗೆ ದುಡ್ಡು ಸಿಗಬೇಕು ಅಂತಲೇ ಹೆಸರು ಹಾಕಬೇಕಾಗಿಲ್ಲ. ಹೆಸರು ಹಾಕಿದಾಗ ಹೊಸದಾಗಿ ಸಿಗುವುದು ಅಧಿಕಾರ. ಅಮೆರಿಕದ ಕಾನೂನಿನಲ್ಲಿ ಜಂಟಿ ರಚನೆಯ ಇಬ್ಬರೂ ಒಡೆಯರೇ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲು ಅರ್ಧರ್ಧ, ಒಬ್ಬರು ಹತ್ತು ಸಾಲು ಬರೆದು ಇನ್ನೊಬ್ಬರು ಎರಡೇ ಸಾಲು ಬರೆದಿದ್ದರೂ. ಸಾಮಾನ್ಯ ಪರವಾನಗಿಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಕೊಡಬಹುದು, ಬಂದ ಹಣ ಹಂಚಿಕೊಳ್ಳಬೇಕು ಅಷ್ಟೇ. ಒಬ್ಬರಿಗೇ ಮೀಸಲಾದ ಪರವಾನಗಿ ಕೊಡುವುದಾದರೆ, ಪೂರ್ತಿ ಹಕ್ಕು ಮಾರುವುದಾದರೆ ಇಬ್ಬರ ಸಹಿಯೂ ಬೇಕು. ಗಾಯಕ ಬಾಬ್ ಡಿಲನ್ 2020ರಲ್ಲಿ ತಮ್ಮ ರಚನೆಗಳನ್ನು ಯೂನಿವರ್ಸಲ್ ಎಂಬ ಸಂಗೀತ ಕಂಪನಿಗೆ ಮಾರಿದ ಮೇಲೆ ಹಿರಿಯ ಗಾಯಕರು ಹಾಡಿನ ಗಂಟನ್ನೇ ಮಾರುವುದು ಜಾಸ್ತಿಯಾಗಿದೆ. ಅಂಥ ಮಾರಾಟದಲ್ಲಿ ಸಹ-ರಚನಕಾರ ಸಂಗಾತಿ ಒಪ್ಪದಿದ್ದರೆ ಅವರ ಪಾಲು ಮಾರಾಟಕ್ಕೆ ಸಿಗುವುದೇ ಇಲ್ಲ.

ಹಾಗಾದರೆ ಈ ವಯಸ್ಸಿನಲ್ಲೇ ಯಾಕೆ?

ದುಡ್ಡು, ಕಾನೂನು ಬದಿಗಿಟ್ಟರೂ ಉತ್ತರ ಸಿಗುತ್ತದೆ. ಪಾಪ್ ಸಂಗೀತದ ದೊಡ್ಡ ರಚನಕಾರರ ತಂಡಗಳು ಕೆಲಸ ಮಾಡುವುದು ಹೆಚ್ಚಾಗಿ ಹಿಟ್ ಹಾಡುಗಳ ಪಟ್ಟಿಯ ಮೇಲ್ತುದಿಯಲ್ಲಿರುವ ಎಳೆಯ ಗಾಯಕರಿಗಾಗಿ. ಅವರು ಬರೆಯುವುದು ಹೊಸ ಪ್ರೀತಿ, ಹೊಸ ವಿರಹ. 65 ದಾಟಿದ ಗಾಯಕಿಗೆ ಹಾಡಬೇಕು ಅನ್ನಿಸುವುದು ಬೇರೆ: ತವರು, ಮೊಮ್ಮಕ್ಕಳು, ಜೊತೆಗೆ ಬಾಳಿದ ವರ್ಷಗಳು. ದನಿಯೂ ಬದಲಾಗಿರುತ್ತದೆ. ಮೇಲಿನ ಸ್ವರಗಳು ಮೊದಲಿನಷ್ಟು ಸಲೀಸಾಗಿ ಸಿಗುವುದಿಲ್ಲ, ಕೆಳಗಿನ ಸ್ವರಗಳಿಗೆ ತೂಕ ಬಂದಿರುತ್ತದೆ. ಟ್ಯೂನನ್ನು ಆ ದನಿಗೆ ಹೊಂದಿಸಿ ಕಟ್ಟಬೇಕು. ದಿನಾ ಆ ದನಿ ಕೇಳುವವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಇನ್ಯಾರು?

ಎಸ್ಟೆಫಾನ್ ದಂಪತಿಯನ್ನೇ ನೋಡಿ. 1978ರಲ್ಲಿ ಮದುವೆ. ಎಮಿಲಿಯೊ ಮಯಾಮಿ ಸೌಂಡ್ ಮೆಷಿನ್ ಬ್ಯಾಂಡ್ ನಡೆಸುತ್ತಿದ್ದರು, ಗ್ಲೋರಿಯಾ ಅದರ ಗಾಯಕಿ. 1985ರ ‘ಕೊಂಗಾ’ ಬರೆದದ್ದು ಬ್ಯಾಂಡಿನ ಡ್ರಮ್ಮರ್. ನಂತರದ ಹಿಟ್‌ಗಳಲ್ಲಿ ಗ್ಲೋರಿಯಾ ಅವರ ಪೆನ್ನು ಮೇಲೆ ಬಂತು. ಎಮಿಲಿಯೊ ಹೆಚ್ಚಾಗಿ ಕಾಣಿಸಿಕೊಂಡದ್ದು ನಿರ್ಮಾಪಕರಾಗಿ, ವ್ಯವಹಾರ ನೋಡಿಕೊಳ್ಳುವವರಾಗಿ. ಇಬ್ಬರೂ ಕ್ಯೂಬಾದಲ್ಲಿ ಹುಟ್ಟಿ ದೇಶ ಬಿಟ್ಟು ಬಂದವರು. ಬೇರುಗಳ ಬಗ್ಗೆ ಆಲ್ಬಂ ಮಾಡುವಾಗ ಆ ನೆನಪು ಒಬ್ಬರದ್ದೇ ಅಲ್ಲ ತಾನೇ? ಪೆನ್ನು ಗಂಡನ ಕೈಗೆ ಹೋಯಿತು ಅನ್ನುವುದನ್ನು ಗ್ಲೋರಿಯಾ ಸೋತರು ಅಂತ ಓದುವುದು ಅಷ್ಟು ಸರಿಯಲ್ಲ. ಬರೆಯಬಲ್ಲವರು ಬೇರೆಯವರ ಹಾಡನ್ನು ಆರಿಸಿಕೊಂಡಾಗ ಆ ಆಯ್ಕೆಗೇ ಒಂದು ಬೆಲೆ ಇದೆ.

ಅಮೆರಿಕದ ಗಾಯಕ ಟಾಮ್ ವೇಟ್ಸ್ ಇನ್ನೂ ಸ್ಪಷ್ಟ ಉದಾಹರಣೆ. 1980ರಲ್ಲಿ ಅವರು ಕ್ಯಾಥ್ಲೀನ್ ಬ್ರೆನನ್ ಅವರನ್ನು ಮದುವೆಯಾದರು. 1983ರಿಂದ ಅವರ ಸಂಗೀತದ ದಾರಿಯೇ ಬದಲಾಯಿತು. ಪಿಯಾನೋ ಮುಂದೆ ಕೂತ ಬಾರ್ ಗಾಯಕನ ಶೈಲಿ ಬಿಟ್ಟು ಒರಟಾದ, ವಿಚಿತ್ರ ವಾದ್ಯಗಳ ಲೋಕಕ್ಕೆ ಹೋದರು. 2011ರ ‘ಬ್ಯಾಡ್ ಆ್ಯಸ್ ಮಿ’ ಹೊತ್ತಿಗೆ ಹಾಡುಗಳೆಲ್ಲ ಇಬ್ಬರ ಹೆಸರಿನಲ್ಲೇ. ಬ್ರೆನನ್ ವೇದಿಕೆಗೆ ಬರುವುದಿಲ್ಲ, ಮಾತಾಡುವುದೂ ಅಪರೂಪ. ಆದರೆ ಮದುವೆಗೆ ಮೊದಲಿನ ಮತ್ತು ನಂತರದ ಆಲ್ಬಂಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಆ ಹೆಸರು ಯಾಕಿದೆ ಅಂತ ಯಾರೂ ಕೇಳುವುದಿಲ್ಲ.

ಮದುವೆ ಮುರಿದರೂ ಹಾಡು ಮುರಿಯುವುದಿಲ್ಲ

ಪರಿಣಾಮಗಳ ಮಾತಿಗೆ ಬಂದರೆ, ಎಲ್ಲಕ್ಕಿಂತ ದೊಡ್ಡದು ಇದು. ಜಂಟಿ ರಚನೆಯ ಪಾಲಿಗೆ ವಿಚ್ಛೇದನ ಅನ್ನುವುದಿಲ್ಲ. ಕೆನಡಾದ ಗಾಯಕಿ ಶನಾಯಾ ಟ್ವೇನ್ 1997ರ ‘ಕಮ್ ಆನ್ ಓವರ್’ ಆಲ್ಬಂನ ಹಾಡುಗಳನ್ನು ಅಂದಿನ ಗಂಡ ಮಟ್ ಲ್ಯಾಂಗ್ ಜೊತೆ ಬರೆದರು. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. 2008ರಲ್ಲಿ ಇಬ್ಬರೂ ಬೇರೆಯಾದರು, 2010ರಲ್ಲಿ ವಿಚ್ಛೇದನ ಆಯಿತು. 2017ರಲ್ಲಿ ಬಂದ ‘ನೌ’ ಆಲ್ಬಂನ ಹಾಡುಗಳನ್ನು ಅವರು ಒಬ್ಬರೇ ಬರೆದರು. ಆದರೆ ಹಳೆಯ ಹಾಡು ಎಲ್ಲೇ ಮೊಳಗಿದರೂ ರಚನೆಯ ರಾಯಲ್ಟಿ ಈಗಲೂ ಇಬ್ಬರ ಲೆಕ್ಕಕ್ಕೇ ಬೀಳುತ್ತದೆ.

ಹೆಸರು ಇಲ್ಲದಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಗಾಯಕಿ ಶೇರ್ ಅವರ ಮೊಕದ್ದಮೆ ಇದೆ. 1965ರ ‘ಐ ಗಾಟ್ ಯು ಬೇಬ್’ ಹಾಡಿದ್ದು ಸಾನಿ ಮತ್ತು ಶೇರ್ ಇಬ್ಬರೂ, ಬರೆದದ್ದು ಸಾನಿ ಬೋನೊ ಒಬ್ಬರೇ. ಮದುವೆಯಾಗಿದ್ದ ಈ ಇಬ್ಬರ ವಿಚ್ಛೇದನದ ಒಪ್ಪಂದ 1978ರಲ್ಲಿ ಆಯಿತು. ರಚನೆಯ ರಾಯಲ್ಟಿಯಲ್ಲಿ ಅರ್ಧ ಶೇರ್‌ಗೆ ಅಂತ ಅದರಲ್ಲಿ ಬರೆದಿತ್ತು. ಸಾನಿ 1998ರಲ್ಲಿ ತೀರಿಕೊಂಡರು. ಕಾಪಿರೈಟ್ ಅವಧಿಯನ್ನು 20 ವರ್ಷ ಹಿಗ್ಗಿಸಿದ ಅಮೆರಿಕದ ಕಾನೂನು ಅದೇ ವರ್ಷ ಅವರ ಹೆಸರಿನಲ್ಲೇ ಬಂತು.

ಆಮೇಲೆ ತೊಡಕು ಶುರುವಾಯಿತು. ಹಾಡು ಬರೆದವರು ಹಿಂದೆ ಬಿಟ್ಟುಕೊಟ್ಟ ಹಕ್ಕನ್ನು ನಿಗದಿತ ವರ್ಷಗಳ ನಂತರ ವಾಪಸು ಪಡೆಯಬಹುದು ಅಂತ ಅಮೆರಿಕದ ಕಾನೂನಿನಲ್ಲಿ ಅವಕಾಶ ಇದೆ. ಹಳೆಯ ಹಾಡುಗಳಿಗೆ ಅದು 56 ವರ್ಷ, 1978ರಿಂದ ಈಚೆಗೆ ರಚನಕಾರರೇ ಬರೆದುಕೊಟ್ಟ ಹಕ್ಕಿಗೆ 35 ವರ್ಷ. ಬರೆದವರು ಇಲ್ಲದಿದ್ದರೆ ವಾರಸುದಾರರು ಪಡೆಯಬಹುದು. ಸಾನಿ ಅವರ ವಿಧವೆ ಮೇರಿ ಬೋನೊ ಮತ್ತು ಇತರ ವಾರಸುದಾರರು ಈ ಅವಕಾಶ ಬಳಸಿಕೊಂಡರು. ಹಕ್ಕು ವಾಪಸು ಬಂದ ಮೇಲೆ ಶೇರ್ ಪಾಲೂ ನಿಂತಿತು ಅನ್ನುವುದು ಅವರ ವಾದ. ಶೇರ್ 2021ರಲ್ಲಿ ಕೋರ್ಟಿಗೆ ಹೋದರು. 2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಜಿಲ್ಲಾ ನ್ಯಾಯಾಧೀಶರು ಶೇರ್ ಪರ ತೀರ್ಪು ಕೊಟ್ಟರು. ವಿಚ್ಛೇದನದ ಒಪ್ಪಂದದಿಂದ ಬಂದ ಹಣದ ಹಕ್ಕನ್ನು ಕಾಪಿರೈಟ್ ಕಾನೂನಿನ ಈ ಅವಕಾಶ ಅಳಿಸುವುದಿಲ್ಲ ಅನ್ನುವುದು ಅದರ ಸಾರ.

ಗೆದ್ದರೂ ಶೇರ್‌ಗೆ ಸಿಕ್ಕಿದ್ದು ಒಪ್ಪಂದದ ಹಣ. ರಚನಕಾರರಾಗಿ ಅವರ ಹೆಸರು ಇದ್ದಿದ್ದರೆ ವಾಪಸು ಪಡೆಯುವ ಅಧಿಕಾರದಲ್ಲೇ ಅವರಿಗೂ ಪಾಲು ಇರುತ್ತಿತ್ತು, ತಮ್ಮ ಅರ್ಧ ಪಾಲಿಗಾಗಿ ಮಾಜಿ ಗಂಡನ ವಾರಸುದಾರರ ಜೊತೆ ವರ್ಷಗಟ್ಟಲೆ ಹೊಡೆದಾಡಬೇಕಾಗಿರಲಿಲ್ಲ.

ಸುದ್ದಿ ಓದುವಾಗ ಏನು ನೋಡಬೇಕು

‘ದಂಪತಿಯ ಆಲ್ಬಂ’ ಅನ್ನುವ ತಲೆಬರಹದ ಕೆಳಗೆ ಬೇರೆ ಬೇರೆ ಸಂಗತಿ ಅಡಗಿರುತ್ತವೆ. 1980ರ ‘ಡಬಲ್ ಫ್ಯಾಂಟಸಿ’ ಲೆನನ್ ಮತ್ತು ಯೋಕೊ ಇಬ್ಬರ ಆಲ್ಬಂ ಹೌದು, ಆದರೆ ಅದರಲ್ಲಿ ಇಬ್ಬರೂ ತಂತಮ್ಮ ಹಾಡು ಬರೆದಿದ್ದಾರೆ. ‘ರಾಯಿಸೆಸ್’ನಲ್ಲಿ ಹೆಚ್ಚಿನವು ಒಬ್ಬರು ಬರೆದು ಇನ್ನೊಬ್ಬರು ಹಾಡಿದವು. ‘ಬ್ಯಾಡ್ ಆ್ಯಸ್ ಮಿ’ಯಲ್ಲಿ ಪ್ರತಿ ಹಾಡೂ ಜಂಟಿ. ಮೂರರಲ್ಲೂ ಹಕ್ಕಿನ ಹಂಚಿಕೆ ಬೇರೆ, ಆಯಸ್ಸು ಬೇರೆ, ನಾಳೆ ಜಗಳವಾದರೆ ದಾರಿಯೂ ಬೇರೆ. ಹಾಗಾಗಿ ಆಲ್ಬಂ ಬಗ್ಗೆ ಬಂದ ಮಾತಿಗಿಂತ ಒಂದೊಂದು ಹಾಡಿನ ಕೆಳಗೆ ಬರೆದಿರುವ ಹೆಸರು ನೋಡುವುದು ಒಳ್ಳೆಯದು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೇ ಕ್ರೆಡಿಟ್ಸ್ ಅಂತ ಒತ್ತಿದರೆ ಸಿಗುತ್ತದೆ. ಅಮೆರಿಕದಲ್ಲಿ ರಾಯಲ್ಟಿ ವಸೂಲಿ ಮಾಡುವ ಆಸ್ಕ್ಯಾಪ್ ಮತ್ತು ಬಿ.ಎಂ.ಐ. ಸಂಸ್ಥೆಗಳು ನಡೆಸುವ ಸಾಂಗ್‌ವ್ಯೂ ಎಂಬ ಹುಡುಕು ಪಟ್ಟಿಯಲ್ಲಿ ರಚನಕಾರರು, ಪಬ್ಲಿಷರ್‌ಗಳ ಹೆಸರು ಯಾರು ಬೇಕಾದರೂ ನೋಡಬಹುದು. ಯಾವ ಸಾಲು ಯಾರದ್ದು ಅನ್ನುವುದನ್ನು ಅದು ಹೇಳುವುದಿಲ್ಲ. ಪಾಲು ಯಾರ್ಯಾರಿಗೆ ಹೋಗುತ್ತದೆ ಅನ್ನುವುದನ್ನು ಹೇಳುತ್ತದೆ.